ಹಳೆಯ ಮನೆಯ ಬೆಂಕಿಗೂಡಿನಲ್ಲಿ ಕಬ್ಬಿಣದ ಸೌದೆ ಒಲೆ ಕೂರಿಸುವ ಬಗ್ಗೆ

ನಂದಿತಪ್ಪಲು (ಪ್ರಶ್ನೆ):
ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮ ಹಳೆಯ ಕಲ್ಲುಮನೆಯ ನಡುಮನೆಯಲ್ಲಿ ಬ್ರಿಟಿಷರ ಕಾಲದ ಬಂಗಲೆಗಳಲ್ಲಿರುವಂಥ ಬೆಂಕಿಗೂಡೊಂದಿದೆ. ಅದರ ಇಟ್ಟಿಗೆ ಚಿಮಣಿ ಮದ್ರಾಸ್ ತಾರಸಿಯನ್ನು (ಮರದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ತಾರಸಿ) ಹಾದು ಮೇಲೇರುತ್ತದೆ. ಬರಿಯ ಗೂಡಿನಲ್ಲಿ ಸೌದೆ ಉರಿಸಿದರೆ ಮನೆಯೆಲ್ಲ ಹೊಗೆಯಾಗುವುದರಿಂದ, ಬಾಗಿಲಿರುವ ಎರಕದ ಕಬ್ಬಿಣದ ಒಲೆಯನ್ನು ಅಲ್ಲಿ ಕೂರಿಸಬೇಕೆಂದಿದ್ದೇವೆ. ಒಲೆಯ ಹೊಗೆಬಾಯಿ 6 ಇಂಚು. ಎರಡಡಿ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಚಿಮಣಿಯೊಳಕ್ಕೆ ತೂರಿಸಿ ಸುತ್ತ ಸಿಮೆಂಟ್ ಮೆತ್ತಿದರೆ ಸಾಕೆಂದು ಮೇಸ್ತ್ರಿ ಹೇಳುತ್ತಾರೆ. ಇದು ಸರಿಯೇ?

ಸುಣ್ಣಗಾರೆ:
ಸರಿಯಲ್ಲ. 6 ಇಂಚಿನ ಬಾಯಿಂದ ಹೊರಟ ಹೊಗೆ ಅಗಲವಾದ ಹಳೆಯ ಚಿಮಣಿಯೊಳಗೆ ಹರಡಿಕೊಂಡು, ವೇಗ ಕಳೆದುಕೊಂಡು, ತಣ್ಣಗಾದಾಗ ಅದರಲ್ಲಿರುವ ಟಾರಿನಂಥ ಅಂಶ ಗೋಡೆಗೆ ಅಂಟುತ್ತದೆ, ಅದೇ ಕ್ರಿಯೋಸೋಟ್. ಅದು ಅಡುಗೆಮನೆಯ ಇಲ್ಲಣದಂಥ ಬರಿಯ ಕೊಳೆಯಲ್ಲ, ಉರಿಯುವ ವಸ್ತು. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೊಳಗಿನ ಬಿಸಿ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಆದ್ದರಿಂದ ಹೊಗೆಬಾಯಿಯಷ್ಟೇ ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಒಲೆಯಿಂದ ಚಿಮಣಿಯ ತುದಿಯವರೆಗೂ ಇಳಿಬಿಡಬೇಕು. ಜಿ.ಐ. ಪೈಪಿನ ಸತುವಿನ ಲೇಪ ಅತಿಯಾಗಿ ಕಾದರೆ ವಿಷಹೊಗೆ ಬಿಡುತ್ತದೆ. ನಮ್ಮ ಕಡೆ ಅಸ್ತ್ರ ಒಲೆಗೆ (ಹೊಗೆ ಕೊಳವೆಯಿರುವ ಸುಧಾರಿತ ಸೌದೆ ಒಲೆ) ಹಾಕುವ ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಪೈಪ್ ಅಗ್ಗವೆಂದು ಯಾರಾದರೂ ಸೂಚಿಸಿಯಾರು. ಅದೂ ಬೇಡ, ಚಿಮಣಿಗೆ ಬೆಂಕಿ ಹತ್ತಿದರೆ ಅದು ಸಿಡಿದು ಒಡೆಯುತ್ತದೆ. ತುದಿಗೆ ಟೋಪಿಯನ್ನು ಬೋಲ್ಟ್ ಹಾಕಿಯೇ ಬಿಗಿಸಿ, ಬೆಟ್ಟದ ಕೋತಿಗಳು ಸುಮ್ಮನಿರುವುದಿಲ್ಲ.

ಜಂತೆಮನೆ:
ಮದ್ರಾಸ್ ತಾರಸಿ ಎಂದಿರಲ್ಲ, ನನಗೆ ಚಿಮಣಿಗಿಂತ ಮರದ ಚಿಂತೆಯೇ ಹೆಚ್ಚು. ಹಿಂದಿನವರು ಜಂತೆಯ ತುದಿಯನ್ನು ಕೆಲವೊಮ್ಮೆ ಚಿಮಣಿಯ ಗೋಡೆಯೊಳಗೇ ಊರಿರುತ್ತಾರೆ. ವರ್ಷಗಟ್ಟಲೆ ಕಾದು ಒಣಗಿದ ಮರ, ಹೊಸ ಮರ ಹತ್ತಿಕೊಳ್ಳದಷ್ಟು ಕಡಿಮೆ ಬಿಸಿಗೂ ಹತ್ತಿಕೊಳ್ಳುತ್ತದೆ. ಚಿಮಣಿ ತಾರಸಿಯನ್ನು ಹಾಯುವ ಕಡೆ ಗಾರೆ ಕೆದಕಿ ನೋಡಿ. ಒಲೆ ಗೂಡಿನಿಂದ ಮುಂದಕ್ಕೆ ಬರುವುದಾದರೆ, ತಯಾರಕರು ಬೇರೆ ಅಳತೆ ಕೊಟ್ಟಿರದಿದ್ದಲ್ಲಿ ಅದಕ್ಕೂ ಮರದ ಬಾಗಿಲು, ಕಪಾಟುಗಳಿಗೂ ನಡುವೆ 36 ಇಂಚು ಅಂತರವಿರಲಿ.

ನಂದಿತಪ್ಪಲು:
ನಿಮ್ಮ ಮಾತಿನಂತೆ ಕೆದಕಿ ನೋಡಿದೆವು. ಒಂದು ಜಂತೆಯ ತುದಿ ಇಟ್ಟಿಗೆಯೊಳಗೆ ಸುಮಾರು ನಾಲ್ಕು ಇಂಚು ಹೊಕ್ಕಿದ್ದು, ಕರಿಕಟ್ಟಿ, ಉಗುರಿಗೆ ಪುಡಿಯಾಗಿ ಬರುತ್ತಿದೆ. ಕೊಳವೆ ಹಾಕಿದರೆ ಇದನ್ನು ಹೀಗೆಯೇ ಬಿಡಬಹುದೇ?

ಜಂತೆಮನೆ:
ಬಿಡಬಾರದು, ಅದು ಆಗಲೇ ಒಳಗೊಳಗೆ ಸುಟ್ಟಿದೆ. ಸರಿಯಾಗುವವರೆಗೆ ಗೂಡಿನಲ್ಲೂ ಬೆಂಕಿ ಹಾಕಬೇಡಿ. ತಾರಸಿಗೆ ಊರುಗೋಲು ಕೊಟ್ಟು, ಜಂತೆಯನ್ನು ಚಿಮಣಿಯಿಂದ ದೂರ ಕತ್ತರಿಸಿ, ಅದರ ಭಾರವನ್ನು ಅಡ್ಡತೊಲೆಯ ಮೂಲಕ ಅಕ್ಕಪಕ್ಕದ ಜಂತೆಗಳಿಗೆ ಹೊರಿಸಬೇಕು. ಈ ಕೆಲಸಕ್ಕೆ ಹಳೆಯ ತಾರಸಿ ಬಲ್ಲ ಬಡಗಿಯೇ ಬೇಕು.

ಸುಣ್ಣಗಾರೆ:
ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ, ಆ ಅನಿಲಕ್ಕೆ ವಾಸನೆಯಿಲ್ಲ. ಹಸಿ ನೀಲಗಿರಿ ಉರಿಸಬೇಡಿ. ಸೀಳಿ ಒಂದು ಬೇಸಿಗೆಯಾದರೂ ಒಣಗಿಸಿ. ಕೊಳವೆಯನ್ನು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಬ್ರಷ್ ಹಾಕಿ ಶುಚಿ ಮಾಡಿಸಿ.