ಅಂಜೂರದೊಳಗೆ ಕಣಜ ಸತ್ತಿರುತ್ತದಾ? ಸಸ್ಯಶಾಸ್ತ್ರದ ಮೇಡಂ ಕೊಟ್ಟ ಉತ್ತರಗಳು

ಪ್ರಶ್ನೆ: ನಮಸ್ಕಾರ ಮೇಡಂ. ಪ್ರತಿ ಅಂಜೂರದೊಳಗೂ ಒಂದು ಕಣಜ ಸತ್ತಿರುತ್ತದೆ ಅಂತ ರೀಲ್ಸ್‌ನಲ್ಲಿ ನೋಡಿದಾಗಿನಿಂದ ನಮ್ಮ ಅತ್ತೆ ಅಂಜೂರ ಮುಟ್ಟುತ್ತಿಲ್ಲ. ಅವರು ಪಕ್ಕಾ ಸಸ್ಯಾಹಾರಿ. ಒಣ ಅಂಜೂರ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನುತ್ತಿದ್ದರು. ಇದು ನಿಜಾನಾ?

ಉತ್ತರ: ಎಲ್ಲ ಅಂಜೂರಕ್ಕೂ ಈ ಮಾತು ಅನ್ವಯಿಸುವುದಿಲ್ಲ. ನಮ್ಮ ಕಡೆ ತೋಟಗಳಲ್ಲಿ ಬೆಳೆಯುವ ಪೂನಾ ಅಂಜೂರದಂತಹ ತಳಿಗಳಿಗೆ ಪರಾಗಸ್ಪರ್ಶವೇ ಬೇಡ, ಕಣಜ ಇಲ್ಲದೆಯೇ ಹಣ್ಣಾಗುತ್ತವೆ. ಅತ್ತೆಯವರು ಅವನ್ನು ಧೈರ್ಯವಾಗಿ ತಿನ್ನಬಹುದು.

ಟರ್ಕಿಯ ಸ್ಮಿರ್ನಾ ಬಗೆಯ ಅಂಜೂರದ ಕಥೆ ಬೇರೆ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರೈತರು ಈ ಗಿಡಗಳನ್ನು ತರಿಸಿ ನೆಟ್ಟರು. ಗಿಡ ಚೆನ್ನಾಗಿ ಬಂತು, ಆದರೆ ಕಾಯಿಗಳೆಲ್ಲ ಉದುರಿ ಹೋದವು. 1899ರಲ್ಲಿ ಕಣಜ ತಂದು ಬಿಟ್ಟು, ಅದು ಅಲ್ಲಿ ನೆಲೆಯೂರಿದ ಮೇಲೆಯೇ ಹಣ್ಣು ನಿಂತದ್ದು. ಈ ಬಗೆಯ ಹಣ್ಣಿಗೆ ನುಗ್ಗಿದ ಕಣಜ ಮೊಟ್ಟೆ ಇಡಲಾಗದೆ ಒಳಗೇ ಸಾಯುತ್ತದೆ. ಅಂಜೂರದಲ್ಲಿ ಪ್ರೋಟೀನ್ ಒಡೆಯುವ ಫಿಸಿನ್ ಎಂಬ ಕಿಣ್ವ ಇದೆ. ಹಾಗಾಗಿ ಇಡೀ ಹುಳು ಕಣ್ಣಿಗೆ ಬೀಳುವುದು ಅಪರೂಪ. ಹಲ್ಲಿಗೆ ಕರಕರ ಅನ್ನುವುದು ಬೀಜ, ಹುಳು ಅಲ್ಲ. ಟರ್ಕಿ, ಇರಾನಿನ ಒಣ ಅಂಜೂರದಲ್ಲಿ ಈ ಬಗೆಯದೇ ಜಾಸ್ತಿ. ತಿನ್ನುವುದು ಬಿಡುವುದು ಅತ್ತೆಯವರ ಮನಸ್ಸಿಗೆ ಬಿಟ್ಟದ್ದು, ಒತ್ತಾಯ ಮಾಡಬೇಡಿ.

ಪ್ರಶ್ನೆ: ಮೇಡಂ, ನಮ್ಮ ಗದ್ದೆ ಬದುವಿನ ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳು! ಅದೂ ಇದೇನಾ?

ಉತ್ತರ: ಅದೇ ಸಂಸಾರ. ಅತ್ತಿ, ಆಲ, ಅರಳಿ, ಬಸರಿ ಎಲ್ಲ ಅಂಜೂರದ ನೆಂಟರು. ಅತ್ತಿ ಮರ ಹೂ ಬಿಡುವುದಿಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಬಿಡುತ್ತದೆ, ಆದರೆ ಕಾಯಿಯ ಒಳಗೆ. ನಾವು ಹಣ್ಣು ಅನ್ನುವುದು ನೂರಾರು ಪುಟ್ಟ ಹೂಗಳನ್ನು ಒಳಮುಖವಾಗಿ ಇಟ್ಟುಕೊಂಡ ಒಂದು ಚೀಲ.

ಎರಡು ಮಿಲಿಮೀಟರ್ ಆಸುಪಾಸಿನ ಹೆಣ್ಣು ಕಣಜ ತುದಿಯ ಸಣ್ಣ ತೂತಿನಿಂದ ಒಳಗೆ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಕಿತ್ತು ಬರುತ್ತದೆ. ಒಳಗೆ ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ತಂದ ಪರಾಗ ಹಚ್ಚಿ, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂಗಳು ಊದಿ ಗಂಟಾಗುತ್ತವೆ, ಮರಿ ಬೆಳೆಯುವುದು ಅದರೊಳಗೆ. ಕೆಲವು ವಾರದ ನಂತರ ಮೊದಲು ಗಂಡುಗಳು ಗಂಟಿನಿಂದ ಹೊರಬರುತ್ತವೆ. ಅವುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಇನ್ನೂ ಗಂಟಿನೊಳಗೆ ಇರುವಾಗಲೇ ಕೂಡುತ್ತವೆ, ಆಮೇಲೆ ಕಾಯಿಯ ಗೋಡೆ ಕಡಿದು ದಾರಿ ಮಾಡಿ ಸಾಯುತ್ತವೆ. ಹೆಣ್ಣುಗಳು ಎದೆಯ ಬಳಿಯ ಪುಟ್ಟ ಕಿಸೆಗಳಿಗೆ ಪರಾಗ ತುಂಬಿಕೊಂಡು ಆ ದಾರಿಯಿಂದ ಹಾರಿಹೋಗುತ್ತವೆ. ತೂತಿನ ಹೊರಗೆ ಎಷ್ಟೋ ಸಲ ಚಗಳಿ ಇರುವೆಗಳು ಕಾದು ನಿಂತಿರುತ್ತವೆ. ನನಗೆ ಪಾಠದಲ್ಲಿ ಇದಕ್ಕಿಂತ ಇಷ್ಟವಾದ ವಿಷಯ ಇನ್ನೊಂದಿಲ್ಲ.

ಪ್ರಶ್ನೆ: ಅಷ್ಟು ಚಿಕ್ಕ ಹುಳ ಇನ್ನೊಂದು ಮರ ಹುಡುಕೋದು ಹೇಗೆ ಮೇಡಂ?

ಉತ್ತರ: ವಾಸನೆ ಹಿಡಿದು. ಕಾಯಿ ತಯಾರಾದಾಗ ಮರ ತನ್ನದೇ ಪರಿಮಳ ಬಿಡುತ್ತದೆ. ದೂರ ಹೋಗಲು ಗಾಳಿಯೇ ವಾಹನ. ನಮೀಬಿಯಾದ ಮರುಭೂಮಿಯ ಉಗಾಬ್ ನದಿ ದಂಡೆಯಲ್ಲಿ ಒಂದು ಅತ್ತಿ ಜಾತಿಯ ಮರಗಳು ದೂರದೂರ ಇವೆ. ಅಲ್ಲಿ ಕಣಜಗಳು ಪರಾಗವನ್ನು 160 ಕಿ.ಮೀ.ವರೆಗೂ ಒಯ್ದದ್ದು ಬೀಜಗಳ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿದೆ. ಬದುಕುವುದು ಒಂದೆರಡು ದಿನ ಅಷ್ಟೇ, ನೆನಪಿರಲಿ.

ಪ್ರಶ್ನೆ: ಮಕ್ಕಳಿಗೆ ಇದನ್ನ ತೋರಿಸಬಹುದಾ?

ಉತ್ತರ: ಖಂಡಿತ. ಬಣ್ಣ ತಿರುಗುತ್ತಿರುವ, ಇನ್ನೂ ತೂತು ಬೀಳದ ಕೆಲವು ಅತ್ತಿ ಕಾಯಿ ಕಿತ್ತು ಗಾಜಿನ ಲೋಟಕ್ಕೆ ಹಾಕಿ. ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ, ನೆರಳಲ್ಲಿಡಿ. ಸರಿಯಾದ ಹದದ ಕಾಯಿ ಸಿಕ್ಕಿದ್ದರೆ ಒಂದೆರಡು ದಿನದಲ್ಲಿ ಕಣಜಗಳು ಹೊರಬರುತ್ತವೆ. ಇವು ಮನುಷ್ಯರನ್ನು ಕಚ್ಚುವುದಿಲ್ಲ. ನೋಡಿಯಾದ ಮೇಲೆ ಮರದ ಹತ್ತಿರವೇ ಬಟ್ಟೆ ಬಿಚ್ಚಿಬಿಡಿ.