ಹೇಸರಗತ್ತೆಯ ಬೆನ್ನೇರಿ ಬರುವ ಅಂಚೆ

ಚಿಕ್ಕಪ್ಪ, ಅಮೆರಿಕದ ಹಳ್ಳಿಯೆಂದರೆ ದೊಡ್ಡ ಮನೆ, ಅದರ ಮುಂದೆ ಎರಡು ಕಾರು, ಅಷ್ಟೇ ತಾನೇ ಎಂದು ಬೆಳಿಗ್ಗೆ ಈ ಗುಂಪಿನಲ್ಲಿ ಕೇಳಿದ್ದಿರಿ. ಕಾರಿನ ಮಾತು ಹೆಚ್ಚಿನ ಹಳ್ಳಿಗಳ ಮಟ್ಟಿಗೆ ನಿಜವೇ. ಆದರೆ ಬದುಕಿಡೀ ಅಂಚೆ ಇಲಾಖೆಯಲ್ಲಿ ದುಡಿದ ನಿಮಗೆ, ಕಾರು ಹೋಗಲಾರದ ಒಂದು ಊರಿನ ವಿಷಯವನ್ನು ಹೇಳಲೇಬೇಕು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಊರಿನ ಹೆಸರು ಸುಪಾಯ್. ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಸೇರುವ ಒಂದು ಕವಲು ಕಣಿವೆಯ ತಳದಲ್ಲಿರುವ ಇದು ಹವಸುಪಾಯ್ ಎಂಬ ಮೂಲನಿವಾಸಿಗಳ ಊರು. ಆ ಹೆಸರಿಗೆ ನೀಲಿ-ಹಸಿರು ನೀರಿನ ಜನ ಎಂದರ್ಥ. 2010ರ ಜನಗಣತಿಯ ಪ್ರಕಾರ ಇಲ್ಲಿದ್ದವರು 208 ಮಂದಿ. ರಸ್ತೆ ಕಣಿವೆಯ ಅಂಚಿನಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಸುಮಾರು 13 ಕಿಲೋಮೀಟರ್ ನಡೆಯಬೇಕು, ಇಲ್ಲವೇ ಕುದುರೆಯನ್ನೋ ಹೆಲಿಕಾಪ್ಟರನ್ನೋ ಹತ್ತಬೇಕು.

ಅಂಚೆ ಬರುವುದು ಹೇಸರಗತ್ತೆಗಳ ಮೇಲೆ. ಅಂಚೆಯೆಂದರೆ ಕಾಗದಪತ್ರ ಮಾತ್ರ ಎಂದುಕೊಳ್ಳಬೇಡಿ. ಅಕ್ಕಿ, ಹಿಟ್ಟು, ಮಾಂಸ ಎಲ್ಲವೂ ಪಾರ್ಸೆಲ್ ಆಗಿಯೇ ಬರುತ್ತವೆ. ಆದ್ದರಿಂದಲೇ ಸುಮಾರು ನೂರು ಕಿಲೋಮೀಟರ್ ದೂರದ ಪೀಚ್ ಸ್ಪ್ರಿಂಗ್ಸ್ ಅಂಚೆ ಕಚೇರಿಯಲ್ಲಿ, ಒಳಗೆ ಹೊಕ್ಕು ನಿಲ್ಲಬಹುದಾದಷ್ಟು ದೊಡ್ಡ ಶೀತಲ ಕೋಣೆಯಿದೆ. ಅಂಚೆ ಕಚೇರಿಗೆ ಫ್ರೀಜರ್ ಏಕೆ ಎಂದು ನೀವು ನಗುತ್ತೀರಿ, ನಾನೂ ನಕ್ಕಿದ್ದೆ. ಆಮೇಲೆ ಇಳಿದಾರಿಯಲ್ಲಿ, ಒಂದರ ಹಿಂದೊಂದು ಕಟ್ಟಿದ ಹೇಸರಗತ್ತೆಗಳು ಎರಡೂ ಪಕ್ಕಕ್ಕೆ ಪೆಟ್ಟಿಗೆ ಬಿಗಿಸಿಕೊಂಡು ಕೆಂಪು ಧೂಳೆಬ್ಬಿಸುತ್ತ ಹಿಂದಿನಿಂದ ಬಂದಾಗ, ಬಂಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟ ನನಗೆ, ಮೊಟ್ಟೆಯ ರಟ್ಟಿನ ಪೆಟ್ಟಿಗೆಯೊಂದು ಮೂಗಿನ ಮುಂದೆಯೇ ಓಲಾಡುತ್ತ ಹೋದದ್ದು ಕಂಡಿತು. ಇಷ್ಟು ದೂರ ಬರುವ ಸಾಮಾನು ಊರಿನ ಅಂಗಡಿಯಲ್ಲಿ ದುಬಾರಿಯಾಗದೆ ಇನ್ನೇನಾದೀತು?

ಇವರು ಮೊದಲಿನಿಂದಲೂ ಕಣಿವೆಯ ತಳಕ್ಕೇ ಅಂಟಿಕೊಂಡವರಲ್ಲ. ಬೇಸಿಗೆಯಲ್ಲಿ ಕೆಳಗೆ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದು, ಚಳಿಗಾಲಕ್ಕೆ ಮೇಲಿನ ಪ್ರಸ್ಥಭೂಮಿಗೆ ಬೇಟೆಗೆ ಹತ್ತುತ್ತಿದ್ದರು. 1882ರಲ್ಲಿ ಸರ್ಕಾರ ಅವರಿಗೆ ಕೆಳಗಿನ 518 ಎಕರೆಯನ್ನಷ್ಟೇ ಉಳಿಸಿ, ಮೇಲಿನ ನೆಲವನ್ನು ಕಿತ್ತುಕೊಂಡಿತು. ಬೇಟೆಯ ನೆಲದಲ್ಲಿ ಸುಮಾರು 1,85,000 ಎಕರೆ ಮರಳಿ ಕೈಸೇರಿದ್ದು 1975ರಲ್ಲಿ. ತೊಂಬತ್ತು ವರ್ಷಗಳಿಗೂ ಮಿಕ್ಕಿ ಹಿಡಿದ ಹಟ ಅದು. ಇಲ್ಲಿನ ಹಳ್ಳದ ಜಲಪಾತದ ಚಿತ್ರ ನೋಡಿ ಹೊರಟ ನನಗೆ ಇದಾವುದೂ ಗೊತ್ತಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ.

ವಿದ್ಯುತ್ತಿದೆ, ಚಿಕಿತ್ಸಾಲಯವಿದೆ, ಶಾಲೆಯೂ ಇದೆ. ಆದರೆ ಶಾಲೆ ಎಂಟನೆಯ ತರಗತಿಗೆ ನಿಲ್ಲುತ್ತದೆ. ಮುಂದೆ ಓದಬೇಕಾದ ಮಕ್ಕಳು ಮನೆ ಬಿಟ್ಟು ಹೊರಗೆ ಹೋಗಬೇಕು. ಊರಿಗೆ ನೀರೇ ಆಧಾರ, ನೀರೇ ಭಯ: ಪ್ರವಾಸಿಗರನ್ನು ಕರೆತರುವ ಅದೇ ಹಳ್ಳ 2008ರಲ್ಲಿ ಉಕ್ಕಿ ಹರಿದಾಗ ಜನರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಕೊರೋನಾ ಬಂದಾಗ, ವರಮಾನದ ಮುಖ್ಯ ದಾರಿ ಪ್ರವಾಸವೇ ಆಗಿದ್ದರೂ, 2020ರ ಮಾರ್ಚ್‌ನಿಂದ 2023ರ ಫೆಬ್ರವರಿವರೆಗೆ ಹೊರಗಿನವರಿಗೆ ಬಾಗಿಲು ಮುಚ್ಚಿದ್ದರು.

ಮರಳುವಾಗ ಮಂಡಿ ಸೋತು ಹೆಲಿಕಾಪ್ಟರಿನ ಸಾಲಿನಲ್ಲಿ ಕುಳಿತೆ. ಊರಿನವರಿಗೆ ಮೊದಲ ಸರದಿ. ನನಗಿಂತ ಎಷ್ಟೋ ತಡವಾಗಿ ಬಂದ ಅಜ್ಜಿಯೊಬ್ಬರು ಬಟ್ಟೆಗಂಟು ಹಿಡಿದು ನೇರವಾಗಿ ಹೋಗಿ ಹತ್ತಿದರು. ನಾವು ನಾಲ್ಕು ಗಂಟೆ ಬಿಸಿಲು ಕಾಯಿಸಿಕೊಂಡೆವು. ನನಗದು ನ್ಯಾಯವೆಂದೇ ತೋರಿತು: ಅದು ಅವರ ಬಸ್ಸು, ನಮಗೆ ಮೋಜು. ಊರಿನ ಜನರ ಫೋಟೊ ತೆಗೆಯುವುದು ಅವರಿಗೆ ಹಿಡಿಸದ ಕಾರಣ, ಗುಂಪಿಗೆ ಹಾಕಿದ ಚಿತ್ರಗಳಲ್ಲಿ ಬರೀ ಬಂಡೆ, ನೀರುಗಳಿವೆ.

ಸುಪಾಯ್‌ನ ಅಂಚೆ ಕಚೇರಿಯಿಂದ ಹೊರಡುವ ಕಾಗದಕ್ಕೆ ಹೇಸರಗತ್ತೆಯ ಅಂಚೆ ಎಂಬ ವಿಶೇಷ ಮುದ್ರೆ ಬೀಳುತ್ತದೆ. ನಿಮ್ಮ ಹೆಸರಿಗೂ ಒಂದು ಕಾರ್ಡು ಹಾಕಿದ್ದೇನೆ. ತಲುಪಿದ ದಿನ ಮುದ್ರೆಯ ತಾರೀಖು ನೋಡಿ, ಎಷ್ಟು ದಿನ ಹಿಡಿಯಿತೆಂದು ತಿಳಿಸಿ.