ಕತ್ತರಿ ಇಲ್ಲದವರ ಪಾಚಿ ತೋಟ

ಮ್ಯಾಂಡರಿನ್ ಮೀನು ಸಾಕುತ್ತೇನೆಂದು ನಮ್ಮ ಇಂಜಿನಿಯರ್ ಮಿತ್ರರು ಘೋಷಿಸಿದ ಮೇಲೆ ಆ ಸಂಜೆಯ ಮಾತು ಬೇರೆ ಕಡೆಗೆ ಹೊರಳಲೇ ಇಲ್ಲ. ನೀಲಿ ಮೈಮೇಲೆ ಕಿತ್ತಳೆ ಬಣ್ಣದ ಬಳ್ಳಿ ಬಿಡಿಸಿಕೊಂಡಿರುವ ಈ ಬೆರಳುದ್ದದ ಮೀನು ಸಾಮಾನ್ಯವಾಗಿ ಅಂಗಡಿಯ ಒಣ ಕಾಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹಗಲೆಲ್ಲ ಬಂಡೆಯ ಸಂದುಗೊಂದುಗಳಲ್ಲಿ ಕೋಪಿಪಾಡ್ ಎಂಬ, ಒಂದೆರಡು ಮಿಲಿಮೀಟರ್ ಮೀರದ ಜೀವಿಗಳನ್ನು ಹೆಕ್ಕಿ ತಿನ್ನುತ್ತಲೇ ಇರಬೇಕು. ಮಿತ್ರರ ಉಪ್ಪುನೀರಿನ ತೊಟ್ಟಿ ಹಿಡಿಯುವುದು 225 ಲೀಟರ್. ಅಷ್ಟರಲ್ಲಿ ಮೀನಿನ ಹೊಟ್ಟೆ ತುಂಬುವಷ್ಟು ಕೋಪಿಪಾಡ್ ಹುಟ್ಟದ ಕಾರಣ, ಕೆಳಗಿನ ಕಪಾಟಿನಲ್ಲಿ, ಮೇಲಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೇರುವ ಸಂಪು ಎಂಬ ಎರಡನೇ ತೊಟ್ಟಿಯ ಒಂದು ಭಾಗವನ್ನು ರೆಫ್ಯೂಜಿಯಂ, ಅಂದರೆ ಆಶ್ರಯತಾಣ, ಮಾಡುವುದಾಗಿಯೂ, ಅಲ್ಲಿ ಒಂದಿಷ್ಟು ಕಲ್ಲು, ಒಂದು ಮುಷ್ಟಿ ಪಾಚಿ, ಮೇಲೊಂದು ದೀಪ ಇಟ್ಟರೆ ಕೋಪಿಪಾಡುಗಳು ಮೀನಿನ ಬಾಯಿಗೆ ಸಿಗದೆ ವಂಶ ಬೆಳೆಸಿಕೊಂಡು, ಹೆಚ್ಚುವರಿ ಸಂತಾನವನ್ನು ಪಂಪಿನ ನೀರಿನೊಂದಿಗೆ ಮೇಲಕ್ಕೆ ಕಳಿಸುತ್ತವೆಂದೂ ಅವರು ವಿವರಿಸಿದರು.

“ಅಂದರೆ ಮೀನಿಗೆ ಊಟ ಹಾಕುವ ಬದಲು ಊಟಕ್ಕೇ ಊಟ ಹಾಕುತ್ತೀರಿ” ಎಂದರು ಆಡಿಟರ್, ಕೋಡುಬಳೆ ಮುರಿಯುತ್ತ.

ಕೆಳಗಿನ ದೀಪವನ್ನು ರಾತ್ರಿಯೇ ಉರಿಸಬೇಕು ಎಂದು ಇಂಜಿನಿಯರ್ ಹೇಳಿದಾಗ ಆಡಿಟರ ಹುಬ್ಬು ಇನ್ನಷ್ಟು ಮೇಲೇರಿತು. ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಇಂಥ ಅವಕಾಶಕ್ಕೇ ಕಾದಿದ್ದವರು. ಮೇಲಿನ ತೊಟ್ಟಿಯ ದೀಪ ಆರಿದೊಡನೆ ಅಲ್ಲಿನ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ; ಹೀಗಾಗಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಬೆಳಗಿನ ಜಾವದ ಹೊತ್ತಿಗೆ ಪಿಎಚ್ ಇಳಿಯುತ್ತದೆ, ಅಂದರೆ ನೀರು ಆಮ್ಲದ ಕಡೆಗೆ ವಾಲುತ್ತದೆ; ಅದೇ ಹೊತ್ತಿನಲ್ಲಿ ಕೆಳಗಿನ ಪಾಚಿಗೆ ಬೆಳಕು ಸಿಕ್ಕರೆ ಅದು ಆ ಅನಿಲವನ್ನು ಹೀರಿ ಇಳಿತವನ್ನು ಕಡಿಮೆ ಮಾಡುತ್ತದೆ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿ, ನಮ್ಮಲ್ಲಿ ಯಾರಾದರೂ ಟಿಪ್ಪಣಿ ಬರೆದುಕೊಂಡಿದ್ದೇವೆಯೇ ಎಂದು ನೋಡಿದರು. ಯಾರೂ ಬರೆದುಕೊಂಡಿರಲಿಲ್ಲ.

ಆಡಿಟರ ಚಿಂತೆ ಪಿಎಚ್ ಆಗಿರಲಿಲ್ಲ, ಕರೆಂಟು. ಬೆಂಗಳೂರಿನಲ್ಲಿ ಒಂದು ಮಳೆ ಬಿದ್ದು ಕರೆಂಟು ಹೋದರೆ ಮೇಲಿನ ನೀರಿನ ಗತಿಯೇನು ಎಂದು ಅವರು ಕೇಳಿದ್ದು, ನನ್ನ ಅಭಿಪ್ರಾಯದಲ್ಲಿ, ಆ ಸಂಜೆಯ ಅತ್ಯಂತ ಬುದ್ಧಿವಂತ ಪ್ರಶ್ನೆ. ಪಂಪು ನಿಂತ ಮೇಲೆ ನೀರು ಇಳಿಯುವ ಅಂಚಿನ ಮಟ್ಟದವರೆಗೂ ತೊಟ್ಟಿ ಸಂಪಿಗೆ ಸುರಿಯುತ್ತಲೇ ಇರುತ್ತದೆ. ತೊಟ್ಟಿ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ. ಪ್ರತಿ ಸೆಂಟಿಮೀಟರ್ ಇಳಿತಕ್ಕೆ 5 ಲೀಟರ್. ಮೂರು ಸೆಂಟಿಮೀಟರಿಗೆ 15 ಲೀಟರ್ ಎಂದು ಆಡಿಟರ್ ಬೆರಳು ಮಡಿಸಿ, ಅಷ್ಟು ಜಾಗ ಸಂಪಿನಲ್ಲಿ ಸದಾ ಖಾಲಿ ಇರಲೇಬೇಕೆಂದು ಫರ್ಮಾನು ಹೊರಡಿಸಿದರು. ನೀರು ಮೇಲೇರುವ ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದೂ ಹಿಮ್ಮುಖವಾಗಿ ಹೀರತೊಡಗುತ್ತದೆಂದು, ಅದಕ್ಕಾಗಿ ನೀರಿನ ಮಟ್ಟದ ತುಸು ಕೆಳಗೆ ಕೊಳವೆಗೆ ಸಣ್ಣ ರಂಧ್ರ ಕೊರೆದು ಗಾಳಿ ನುಗ್ಗಲು ದಾರಿ ಮಾಡುವುದಾಗಿ ಇಂಜಿನಿಯರ್ ಸಮಾಧಾನ ಹೇಳಿದರು.

“ಆ ರಂಧ್ರದ ಮೇಲೆ ಬಸವನಹುಳು ಬಂದು ಕುಳಿತರೆ?” ಎಂದರು ಆಡಿಟರ್.

“ತೊಟ್ಟಿಯಲ್ಲಿ ಬೇರೆ ಜಾಗವೇ ಇಲ್ಲವೇ ಅದಕ್ಕೆ?”

“ಕರೆಂಟು ಹೋಗುವ ದಿನ ಅದಕ್ಕೆ ಅದೇ ಜಾಗ ಬೇಕೆನಿಸುತ್ತದೆ. ಎರಡು ರಂಧ್ರ ಕೊರೆಯಿರಿ. ಕೆಳಗಿನ ಮನೆಯವರು ಮೊನ್ನೆ ತಾನೇ ಚಾವಣಿಗೆ ಬಣ್ಣ ಹೊಡೆಸಿದ್ದಾರೆ.”

ಕಲ್ಲಿನ ವಿಷಯಕ್ಕೆ ಬಂದಾಗ ಮೇಷ್ಟ್ರು ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬುಡದಲ್ಲಿ ಹವಳದ ಕಲ್ಲು ಬೇಕಾದಷ್ಟಿದೆಯಲ್ಲ ಎಂದರು. ಅಲ್ಲಿಯವರೆಗೆ ಮೌನವಾಗಿ ಕಾಫಿ ಹೀರುತ್ತಿದ್ದ ವಕೀಲರು ಲೋಟ ಕೆಳಗಿಟ್ಟು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಲ್ಲುಹವಳ ಹುಲಿಯ ಜೊತೆಗೇ ಒಂದನೇ ಅನುಸೂಚಿಯಲ್ಲಿ ಕುಳಿತಿದೆಯೆಂದೂ, ಜಾಮೀನಿಗೆ ತಾವು ಓಡಾಡುವುದಿಲ್ಲವೆಂದೂ ತಿಳಿಸಿದ ಮೇಲೆ, ಸಿರಾಮಿಕ್ ಕಲ್ಲೇ ಚೆಂದವಾಗಿರುತ್ತದೆ ಎಂಬುದಕ್ಕೆ ಎಲ್ಲರೂ ಕೂಡಲೇ ಒಪ್ಪಿದರು.

ಪಾಚಿಯ ಆಯ್ಕೆಯಲ್ಲಿ ಮಾತ್ರ ಜಗಳವಾಯಿತು. ಮೇಷ್ಟ್ರಿಗೆ ಎಲೆಯಂಥ ಅಂದದ ಕಾಲೆರ್ಪ ಬೇಕು. ಇಂಜಿನಿಯರಿಗೆ ಸಿಕ್ಕುಸಿಕ್ಕಾದ ನೈಲಾನ್ ದಾರದಂತಿರುವ ಕೀಟೊಮಾರ್ಫಾ. ಕಾಲೆರ್ಪ ಕೆಲವೊಮ್ಮೆ ಏಕಾಏಕಿ ಸಂತಾನಾಭಿವೃದ್ಧಿಗೆ ಹೊರಟು ಲಿಂಗಾಣುಗಳನ್ನೆಲ್ಲ ನೀರಿಗೆ ಸುರಿದು ತಾನು ಬಿಳಿಚಿಕೊಂಡು ಸಾಯುತ್ತದೆ, ಅದುವರೆಗೆ ಹೀರಿದ್ದನ್ನೆಲ್ಲ ತೊಟ್ಟಿಗೇ ವಾಪಸು ಕೊಡುತ್ತದೆ. ಅಷ್ಟೇ ಅಲ್ಲ, ಅದರ ಟ್ಯಾಕ್ಸಿಫೋಲಿಯಾ ಪ್ರಭೇದ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲೇ ಕಾಣಿಸಿಕೊಂಡು ಮೆಡಿಟರೇನಿಯನ್ ತೀರದುದ್ದಕ್ಕೂ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಪತ್ತೆಯಾದಾಗ ನೀರಿನಡಿಯಲ್ಲಿ ಟಾರ್ಪಾಲು ಹೊದಿಸಿ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು, 2006ರವರೆಗೆ ನಿರ್ಮೂಲನೆಯಾಯಿತೆಂದು ಘೋಷಿಸಲು ಆಗಲಿಲ್ಲ. ಇಷ್ಟು ಕೇಳಿದ ಮೇಲೆ ಮೇಷ್ಟ್ರು ತಮ್ಮ ಅಭ್ಯರ್ಥಿಯ ನಾಮಪತ್ರ ಹಿಂತೆಗೆದುಕೊಂಡರು.

ನಿಜವಾದ ವಿಚಾರ ಹೊರಬಿದ್ದದ್ದು ಆಮೇಲೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಕೂಡಿಕೊಳ್ಳುವ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡನ್ನೂ ಪಾಚಿ ತಿಂದುಬಿಡುತ್ತದೆ ಎಂದು ಇಂಜಿನಿಯರ್ ಹಿಗ್ಗಿ ಹೇಳಿದಾಗ ಆಡಿಟರ್, “ತಿಂದು ಎಲ್ಲಿಡುತ್ತದೆ?” ಎಂದರು.

“ತನ್ನ ಮೈಯಲ್ಲಿ.”

“ಪಾಚಿ ಎಲ್ಲಿರುತ್ತದೆ?”

“ಸಂಪಿನಲ್ಲಿ.”

“ಹಾಗಾದರೆ ಮನೆಯಿಂದ ಏನು ಹೊರಗೆ ಹೋಯಿತು?”

ಇಂಜಿನಿಯರ್ ಬಾಯಿ ತೆರೆದವರು ಹಾಗೇ ಮುಚ್ಚಿದರು. ಹವ್ಯಾಸಿಗಳು ದೀಪದ ವ್ಯಾಟ್, ಗಾಜಿನ ದಪ್ಪ, ನೀರಿನ ವೇಗ ಎಂದು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು ಕತ್ತರಿಯನ್ನೇ ಮರೆಯುತ್ತಾರೆ. ಬೆಳೆದ ಉಂಡೆಯಲ್ಲಿ ಅರ್ಧದಷ್ಟನ್ನು ಆಗಾಗ ಕತ್ತರಿಸಿ ಹೊರಹಾಕಿದಾಗಲೇ ನೈಟ್ರೇಟ್ ಮನೆ ಬಿಡುವುದು. ಬಿಟ್ಟರೆ ಉಂಡೆ ದಪ್ಪಗಾಗಿ, ಬೆಳಕು ತಲುಪದ ಒಳಭಾಗ ಕೊಳೆತು, ಹೀರಿದ್ದೆಲ್ಲ ಮರಳಿ ನೀರಿಗೇ ಸೇರುತ್ತದೆ. ಎಸೆಯುವ ಮುನ್ನ ಅದನ್ನು ತೊಟ್ಟಿಯ ನೀರು ತುಂಬಿದ ಬಿಳಿ ಬೋಗುಣಿಯಲ್ಲಿ ಜಾಲಾಡಿಸಬೇಕು. ತಳದಲ್ಲಿ ಬಿಳಿ ಚುಕ್ಕೆಗಳು ನಿಂತು ನಿಂತು ಜಿಗಿಯುವುದೂ, ಅವುಗಳ ನಡುವೆ ಬೆನ್ನು ಬಾಗಿದ, ಪುಟ್ಟ ಸೀಗಡಿಯಂಥ ಆಂಫಿಪಾಡುಗಳು ಪಕ್ಕಕ್ಕೆ ವಾಲಿಕೊಂಡು ಈಜುವುದೂ ಕಾಣಿಸುತ್ತದೆ. ಮ್ಯಾಂಡರಿನ್ನಿನ ಸಂಸಾರವೆಲ್ಲ ನಿಂತಿರುವುದು ಅವುಗಳ ಮೇಲೆ. ಬೋಗುಣಿಯ ನೀರನ್ನು ಸಂಪಿಗೇ ಸುರಿಯಬೇಕು.

ಕತ್ತರಿಸಿದ್ದನ್ನು ವ್ಯರ್ಥ ಮಾಡುವುದೇಕೆ, ಮೇಲಿನ ತೊಟ್ಟಿಯಲ್ಲೇ ಇರುವ ಹಳದಿ ಟ್ಯಾಂಗ್ ಮೀನಿಗೆ ಹಾಕೋಣವೆಂದು ಮೇಷ್ಟ್ರು ಸೂಚಿಸಿದರು.

“ಅದು ತಿಂದು ಎಲ್ಲಿ ವಿಸರ್ಜಿಸುತ್ತದೆ?” ಎಂದು ಆಡಿಟರ್ ಕೇಳಿದಾಗ ಮೇಷ್ಟ್ರು ಉತ್ತರಿಸುವ ಗೋಜಿಗೆ ಹೋಗದೆ ತಮ್ಮ ಮನೆಯ ಗುಲಾಬಿ ಗಿಡಕ್ಕೆ ಗೊಬ್ಬರ ಮಾಡುತ್ತೇನೆಂದರು. ಉಪ್ಪನ್ನು ಚೆನ್ನಾಗಿ ತೊಳೆಯದೆ ಹಾಕಿದರೆ ಗುಲಾಬಿಯ ತಿಥಿಗೂ ನಾವೇ ಬರಬೇಕಾಗುತ್ತದೆ ಎಂದರು ವಕೀಲರು. ಕೊನೆಗೆ, ತೊಳೆದು ಒಣಗಿಸಿ ಗೊಬ್ಬರ ಮಾಡುವ ಹೊಣೆ ಮೇಷ್ಟ್ರದು, ಕತ್ತರಿ ಹಾಕುವ ದಿನ ನೆನಪಿಸುವ ಹೊಣೆ ಆಡಿಟರದು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಒಳಗಿನಿಂದ ಇಂಜಿನಿಯರ ಶ್ರೀಮತಿಯವರು, ಕತ್ತರಿ ಬೇರೆ ಕೊಂಡುಕೊಳ್ಳಬೇಕು, ಅಡುಗೆಮನೆಯದನ್ನು ಮುಟ್ಟುವ ಹಾಗಿಲ್ಲ ಎಂದು ಕೂಗಿ ಹೇಳಿದರು.